ಟಿಕೆಟ್ ಜೇಬಿನಲ್ಲಿದ್ದರೆ

ಚಿಯಾತುರಾದಲ್ಲಿ ಸಂಜೆ ಐದಕ್ಕೇ
ಗುಡ್ಡಗಳು ಬೆಳಕಿನ ಬಾಗಿಲು ಹಾಕಿಬಿಡುತ್ತವೆ.
ಗ್ರಂಥಾಲಯದ ಮೇಲಿನ ಕೋಣೆ, ಕಟ್ಟಿಗೆಯ ಒಲೆ,
ಒಂಬತ್ತು ಕುರ್ಚಿಗೆ ಏಳು ಮಂದಿ,
ಕಪ್ಪು ಹಲಗೆಯ ಮೇಲೆ ನನ್ನ ಅಕ್ಷರ:
ಮ್ಯಾನೇಜ್ಡ್. ಅಚೀವ್ಡ್. ಕೋಆರ್ಡಿನೇಟೆಡ್.
ರೆಸ್ಯೂಮೆಯಲ್ಲಿ 'ನಾನು' ಬರೆಯಬಾರದು ಎಂದೆ,
ಕ್ರಿಯಾಪದದಿಂದಲೇ ಶುರು.
"ಹಾಗಾದರೆ ಮಾಡಿದವರು ಯಾರು?" ಎಂದ ಜುಂಬೆರ್.
ಮೂವತ್ತು ವರ್ಷದಿಂದ ಮ್ಯಾಂಗನೀಸ್ ಗಣಿಯಲ್ಲಿರುವವನು;
ಅವನು ಮುಟ್ಟಿದ ಪುಟಕ್ಕೆಲ್ಲ
ಉಗುರಿನ ಸಂದಿಯ ಕಪ್ಪೇ ಸಹಿ.

ನಜಿಬ್ರೊಲಾಗೆ ಐವತ್ತೆರಡು.
ಇಪ್ಪತ್ತೆರಡು ವರ್ಷ ನದಿಯ ಮೇಲಿನ ಕೇಬಲ್ ಕಾರಿನಲ್ಲಿ
ಮೇಲೆ ಕೆಳಗೆ, ಕೆಳಗೆ ಮೇಲೆ
ಪಾಳಿಯ ಗಣಿಯವರನ್ನು, ಹಿಟ್ಟಿನ ಚೀಲಗಳನ್ನು,
ಒಮ್ಮೆ ಒಬ್ಬ ಮದುಮಗಳನ್ನು,
ಒಮ್ಮೆ ಒಂದು ಶವಪೆಟ್ಟಿಗೆಯನ್ನು
(ಮಲಗಿಸಲು ಜಾಗ ಸಾಲದೆ ನಿಲ್ಲಿಸಿಯೇ ಒಯ್ದರಂತೆ),
ಟಿಕೆಟ್ ಕೊಳ್ಳದ ಒಂದು ಆಡನ್ನೂ.
ತಂತಿಗೆ ತುಕ್ಕು ಹಿಡಿದು ಗಾಡಿ ನಿಂತಿತು, ಅವಳ ಸಂಬಳವೂ.
ಆಪರೇಟೆಡ್, ಎಂದು ಬರೆಸಿದೆ.
ಹುಳಿ ಪ್ಲಮ್ಮಿನ ಬೀಜದ ಹಾಗೆ
ಆ ಪದವನ್ನು ದವಡೆಯಿಂದ ದವಡೆಗೆ ಹೊರಳಿಸಿದಳು.

"ಕರೆಂಟು ಹೋದ ರಾತ್ರಿ, ಮೇಷ್ಟ್ರೇ, ನಾಲ್ಕು ಗಂಟೆ
ಕ್ವಿರಿಲಾ ನದಿಯ ಮೇಲೆ ನೇತಾಡಿದೆವು, ಹನ್ನೊಂದು ಜನ.
ನಾನು ಮಾತಾಡುತ್ತಲೇ ಇದ್ದೆ:
ಅತ್ತಿಗೆಯ ಜಗಳ, ನನ್ನ ಹಲ್ಲುನೋವು, ಬಾಯಿಗೆ ಬಂದದ್ದು.
ಅದಕ್ಕೆ ಯಾವ ಪದ?"
ನಿಘಂಟು ತಿರುವಿ ತಿರುವಿ ಹೇಳಿದೆ:
ತುರ್ತು ಸಮಯದಲ್ಲಿ ಶಾಂತಿ ಕಾಪಾಡಿದೆ.
"ಶಾಂತಿಯೆ? ಮೊಣಕಾಲು ಒಂದಕ್ಕೊಂದು ಬಡಿಯುತ್ತಿತ್ತು."
ಆದರೂ ಬರೆದುಕೊಂಡಳು.
ಐರ್ಲೆಂಡಿನ ಹೋಟೆಲಿನವರು ಮೊಣಕಾಲಿನ ವಿಷಯ ಕೇಳಿರಲಿಲ್ಲ.
ದಿನಕ್ಕೆ ಹದಿನಾರು ಹಾಸಿಗೆ ಹಾಸುವ ಕೆಲಸ;
ಕೇಳಬೇಕಿತ್ತು.

ಎರಡನೆಯ ವಾರ ಭವಿಷ್ಯತ್ ಕಾಲ.
ವಿಲ್: ಮಾತಿನ ಜೊತೆಗೇ ಹುಟ್ಟುವ ನಿರ್ಧಾರ.
ಗೋಯಿಂಗ್ ಟು: ಮಾತಿಗೆ ಮೊದಲೇ ಮನಸ್ಸಿನಲ್ಲಿ ಬಂದು ಕೂತದ್ದು.
ಟಿಕೆಟ್ ಜೇಬಿನಲ್ಲಿದ್ದರೆ ಭವಿಷ್ಯವೇ ಬೇಡ,
ವರ್ತಮಾನ ಸಾಕು:
ಐ ಆಮ್ ಲೀವಿಂಗ್ ಆನ್ ಟ್ಯೂಸ್‌ಡೇ.
ಯಾರ ಪೆನ್ನೂ ಅಲ್ಲಾಡಲಿಲ್ಲ.
ನಮ್ಮ ಮನೆಮಾತಿನ ಕ್ರಿಯಾಪದ
ಯಾವಾಗ ನಿರ್ಧರಿಸಿದೆ ಎಂದು ಯಾರನ್ನೂ ಕಟಕಟೆಗೆ ಹತ್ತಿಸುವುದಿಲ್ಲ.

ಜುಂಬೆರ್ ಎಲ್ಲಕ್ಕೂ ವಿಲ್ ಹಾಕಿದ,
ಗಣಿ ಬಿಡುತ್ತೇನೆ ಎಂಬುದಕ್ಕೂ.
"ಇದು ಹಳೆಯ ನಿರ್ಧಾರ ಅಲ್ಲವೆ?"
"ಹಳೆಯದೇ. ದಿನಾ ಬೆಳಿಗ್ಗೆ ಹೊಸದಾಗಿ ಮಾಡುತ್ತೇನೆ."

'ಫೋನು ಬಡಿದುಕೊಳ್ಳುತ್ತಿದೆ, ನಾನು ಎತ್ತುತ್ತೇನೆ':
ನಜಿಬ್ರೊಲಾ ಬರೆದದ್ದು ಗೋಯಿಂಗ್ ಟು. ತಪ್ಪು ಎಂದೆ.
"ಗುರುವಾರ ಏಳಕ್ಕೆ ಮಗಳು ಮಾಡಿಯೇ ಮಾಡುತ್ತಾಳೆ.
ಎತ್ತುವುದೆಂದು ಬುಧವಾರವೇ ನಿರ್ಧರಿಸಿರುತ್ತೇನೆ."
ಕೆಂಪು ಪೆನ್ನಿಗೆ ಮುಚ್ಚಳ ಹಾಕಿದೆ.

ನಾನು ಐರ್ಲೆಂಡ್ ಕಂಡವನಲ್ಲ, ಲಂಡನ್ನೂ ಇಲ್ಲ.
ನನ್ನದೂ ಒಂದು ರೆಸ್ಯೂಮೆ ಇದೆ, ಮೂರು ವರ್ಷದಿಂದ ಒಂದೇ ಪುಟ,
ಕ್ರಿಯಾಪದಗಳೆಲ್ಲ ಹೊಳೆಯುತ್ತವೆ,
ಯಾರೂ ತೊಡದ ಕೋಟಿನ ಗುಂಡಿಗಳ ಹಾಗೆ.

ಕೊನೆಯ ತರಗತಿಗೆ ಗುಡ್ಡದ ಮೆಟ್ಟಿಲು ಇಳಿದು ಬಂದಳು,
ಮುನ್ನೂರು ಚಿಲ್ಲರೆ, ಮೆಟ್ಟಿಲಿಗೊಂದು ಪದ ಉರುಹೊಡೆಯುತ್ತ.
ಕೊಟ್ಟ ಹಾಳೆಯಲ್ಲಿ ಒಂದೇ ಸಾಲು:
ಐ ಆಮ್ ಲೀವಿಂಗ್ ಆನ್ ಟ್ಯೂಸ್‌ಡೇ.
"ಟಿಕೆಟ್ ಇದೆಯೆ?"
"ಇಲ್ಲ."
"ಹಾಗಾದರೆ ವಾಕ್ಯ ತಪ್ಪು."
ನಾನು ರಬ್ಬರು ಹುಡುಕುತ್ತಿದ್ದೆ.
ಅವಳು ಸಾಲಿನ ಮೇಲೆ ಅಂಗೈ ಊರಿದಳು,
ಲಿವರ್ ಹಿಡಿದು ಹಿಡಿದು ಜಡ್ಡುಗಟ್ಟಿದ್ದು.
"ವಾಕ್ಯ ಹಾಗೇ ಇರಲಿ. ಟಿಕೆಟ್ಟನ್ನು ತಿದ್ದೋಣ."
ಕಿಟಕಿಯಾಚೆ ನಿಂತ ಗಾಡಿ, ತಂತಿಯ ಮೇಲೆ ಕಾಗೆ.
"ಐ ವಿಲ್ ಬೈ" ಎಂದಳು.
ಕೊಳ್ಳುವುದೇನೆಂದು ಹೇಳಲಿಲ್ಲ; ಕರ್ಮಪದ ಬಿಟ್ಟುಹೋಗಿತ್ತು.
ವಿಲ್ ಮಾತ್ರ
ಇರಬೇಕಾದಲ್ಲೇ ಇತ್ತು.